ನಂಬರಪ್ಪನೂ ಅಕ್ಕನ ವೈಫೈ ಕಾರ್ಡೂ

ನಂಬರಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಚಲಾವಣೆಯಲ್ಲಿರಲಿಲ್ಲ. ಬಸ್ ಡಿಪೋದ ಸ್ಟೋರಿನಲ್ಲಿ, ಬಿಡಿಭಾಗ ಕೊಡುವ ಕಿಟಕಿಯ ಹಿಂದೆ ಅವನು ಕೂತಿದ್ದಷ್ಟು ಕಾಲ, ನಂಬರ್ ಹೇಳದೆ ಯಾರಿಗೂ ಒಂದು ವಾಷರ್ ಕೂಡ ಸಿಕ್ಕಿದ್ದಿಲ್ಲ. ಮೆಕ್ಯಾನಿಕ್ಕು ಮುರಿದ ಬೋಲ್ಟನ್ನೇ ತಂದು ಮೂಗಿನ ಮುಂದೆ ಹಿಡಿದರೂ ನಂಬರಪ್ಪ ಅದರ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ.

"ನಂಬರ್ ಹೇಳು."

"ಅಣ್ಣಾ, ಕೈಯಲ್ಲೇ ಇದೆ ನೋಡಣ್ಣ."

"ಕೈಯಲ್ಲಿರೋದು ಬೋಲ್ಟು. ನಾನು ಕೇಳಿದ್ದು ನಂಬರು."

ಇದರಲ್ಲಿ ದರ್ಪವೇನೂ ಇರಲಿಲ್ಲ. ಅವನ ನಂಬಿಕೆಯೇ ಹಾಗಿತ್ತು. ತಯಾರಿಸುವವರು ಮರೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಮಾಡಿದರೂ ಹೊಸ ನಂಬರ್ ಕೊಡುತ್ತಾರೆ. ನಂಬರ್ ಒಂದೇ ಆಗಿದ್ದರೆ ಮಾಲೂ ಒಂದೇ. ಅಂಗಡಿಯವರು ಸುಳ್ಳು ಹೇಳಬಹುದು, ಮೇಲಧಿಕಾರಿಗಳು ಬೆಳಿಗ್ಗೆ ಒಂದು ಸಂಜೆ ಒಂದು ಹೇಳಬಹುದು, ಬೇರಿಂಗಿನ ಮೇಲೆ ಕೆತ್ತಿದ ಅಂಕಿ ಹಾಗೆ ಮಾಡುವುದಿಲ್ಲ. ಮದುವೆಯಾದ ಹೊಸದರಲ್ಲಿ ಅಡುಗೆಮನೆಯ ಡಬ್ಬಿಗಳಿಗೂ ನಂಬರ್ ಅಂಟಿಸಿದ್ದ.  ಹೆಂಡತಿ ಮರುದಿನ ಬೆಳಿಗ್ಗೆ ಒಂಬತ್ತನೇ ನಂಬರಿನ ಡಬ್ಬಿಯಿಂದ ಎರಡು ಚಮಚ ತೆಗೆದು ಟೀಗೆ ಹಾಕಿ ತಂದುಕೊಟ್ಟಳು. ಒಂಬತ್ತು ಅಂದರೆ ಉಪ್ಪು. ನಂಬರಪ್ಪ ಒಂದು ಗುಟುಕು ನುಂಗಿ, "ಸಕ್ಕರೆ ನಾಲ್ಕು," ಅಂದ. "ನನಗೇನ್ರೀ ಗೊತ್ತು, ನಾನೇನು ಸ್ಟೋರ್ ಕೀಪರಾ?" ಅಂದಳು. ಸಂಜೆಯೊಳಗೆ ಚೀಟಿಗಳೆಲ್ಲ ಕಸದ ಬುಟ್ಟಿ ಸೇರಿದವು. ನಂಬಿಕೆ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು.

ಇಂಥವನ ಮನೆಗೆ ಅವನ ಅಕ್ಕ ಬಂದು ಸೇರಿದ್ದಳು. ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಬೆರಳು ಸವೆಸಿದವಳು. ಗಂಡ ತೀರಿಕೊಂಡ ಮೇಲೆ ದೃಷ್ಟಿಯೂ ಸ್ವಲ್ಪಸ್ವಲ್ಪವೇ ಮಂಜಾಗುತ್ತ ಹೋಗಿ, ಕೊನೆಗೆ ಕಿಟಕಿ ಯಾವ ಕಡೆ ಇದೆ ಅನ್ನುವುದಷ್ಟೇ ತಿಳಿಯುವಂತಾಯಿತು. ತಮ್ಮ ಹೋಗಿ ಕರೆದುಕೊಂಡು ಬಂದ. ಮೊದಲ ವರ್ಷವೆಲ್ಲ ಅವಳು ಗೋಡೆ ಹಿಡಿದು ನಡೆದಳು, ಕೂರಿಸಿದಲ್ಲಿ ಕೂತಳು, ಕೊಟ್ಟದ್ದು ತಿಂದಳು. ಬಂದವರೆಲ್ಲ ಅವಳ ಎದುರಿಗೇ "ಪಾಪ" ಅನ್ನುತ್ತಿದ್ದರು. ಅವಳಿಗೆ ಹೋಗಿದ್ದು ಕಣ್ಣು, ಕಿವಿಯಲ್ಲ ಅನ್ನುವುದು ಒಬ್ಬರಿಗೂ ಹೊಳೆಯುತ್ತಿರಲಿಲ್ಲ.

ಅಕ್ಕನಿಗೆ ಒಬ್ಬ ಮಗ. ಊರೂರು ಸುತ್ತಿ ಔಷಧಿ ಕಂಪನಿಯ ಮಾತ್ರೆ ಮಾರುವ ಕೆಲಸ. ಒಮ್ಮೆ ಬಂದವನು ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟು ಹೋದ. ಅದರಲ್ಲಿದ್ದದ್ದು ಲಿನಕ್ಸ್. ಯಾವ ಕಂಪನಿಯ ಸ್ವತ್ತೂ ಅಲ್ಲದ, ಎಲ್ಲೆಲ್ಲಿಯವರೋ ಸೇರಿ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ ಆಪರೇಟಿಂಗ್ ಸಿಸ್ಟಮ್. ಪರದೆಯ ಮೇಲಿರುವುದನ್ನು ಓದಿ ಹೇಳುವ ಧ್ವನಿಯೂ ಅದರ ಜೊತೆಗೇ ಪುಕ್ಕಟೆ ಬರುತ್ತಿತ್ತು. ಶೀತವಾದ ಗಂಡಸು ಬಕೆಟ್ಟಿನೊಳಗೆ ತಲೆಯಿಟ್ಟು ಮಾತಾಡಿದ ಹಾಗಿತ್ತು ಆ ಧ್ವನಿ. ಅಕ್ಕ ಅದಕ್ಕೆ ನೆಗಡಿರಾಯ ಎಂದು ಹೆಸರಿಟ್ಟಳು.

ನೆಗಡಿರಾಯನ ಮಾತಿನ ವೇಗವನ್ನು ಬೇಕಾದಂತೆ ಏರಿಸಬಹುದಿತ್ತು. ಅಕ್ಕ ಏರಿಸುತ್ತಲೇ ಹೋದಳು. ಕೊನೆಗೆ ಅದು ಬೇರೆಯವರ ಕಿವಿಗೆ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳತೊಡಗಿತು. ಅವಳಿಗೆ ಮಾತ್ರ ಒಂದೊಂದು ಅಕ್ಷರವೂ ಸ್ಪಷ್ಟ. ಒಂದು ದಿನ ಲ್ಯಾಪ್‌ಟಾಪಿನ ಪರದೆಯೇ ಕಪ್ಪಾಗಿ ಹೋಯಿತು. ನಂಬರಪ್ಪ ಗಾಬರಿಯಾಗಿ ಹೇಳಿದ ಮೇಲೇ ಅವಳಿಗೆ ಗೊತ್ತಾದದ್ದು. "ಹೋದ್ರೆ ಹೋಗ್ಲಿ ಬಿಡು, ಬ್ಯಾಟರಿ ಉಳಿಯುತ್ತೆ," ಅಂದಳು. ರಿಪೇರಿಯ ಮಾತೇ ಎತ್ತಲಿಲ್ಲ.

ಹಳೆಯ ವಕೀಲರ ಕಡೆಯಿಂದಲೇ ಅವಳಿಗೆ ಕೆಲಸವೂ ಸಿಕ್ಕಿತು. ವಿಮಾ ಕಚೇರಿಯ ಸರ್ವೇಯರುಗಳು ಅಪಘಾತವಾದ ಜಾಗದಲ್ಲಿ ನಿಂತು, ಕಂಡದ್ದನ್ನೆಲ್ಲ ಫೋನಿಗೆ ಹೇಳಿ ರೆಕಾರ್ಡ್ ಮಾಡುತ್ತಾರೆ. ಆ ರೆಕಾರ್ಡುಗಳು ಇಂಟರ್ನೆಟ್ಟಿನಲ್ಲಿ ಅಕ್ಕನಿಗೆ ಬರುತ್ತವೆ. ಅವಳು ಕೇಳಿ, ಟೈಪ್ ಮಾಡಿ, ವಾಪಸ್ ಕಳಿಸಬೇಕು. ಹೆಸರು ವಿಳಾಸ ಬಿಟ್ಟು ಉಳಿದ ಸಂಗತಿಗಳನ್ನು ಊಟದ ಹೊತ್ತಿನಲ್ಲಿ ತಮ್ಮನಿಗೆ ಹೇಳುವಳು.

"ಪ್ರತಿಯೊಂದು ಅಪಘಾತದಲ್ಲೂ ಒಂದು ನಾಯಿ ಅಡ್ಡ ಬಂದಿರುತ್ತೆ ಕಣೋ. ಸರ್ವೇಯರು ಹೋಗೋ ಹೊತ್ತಿಗೆ ಒಂದರಲ್ಲೂ ನಾಯಿ ಇರಲ್ಲ."

ಕೆಲಸ ಶುರುವಾದ ಮೇಲೆ ಅವಳು ಗೋಡೆ ಹಿಡಿಯುವುದನ್ನು ಬಿಟ್ಟಳು. ಬೆಳಿಗ್ಗೆ ಸ್ನಾನ ಮುಗಿಸಿ, ತಲೆ ಬಾಚಿ, ಗಂಜಿ ಹಾಕಿದ ಸೀರೆ ಉಟ್ಟು, ಸರಬರ ಸದ್ದು ಮಾಡುತ್ತ ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. "ಮನೇಲೇ ಇರ್ತೀರಲ್ಲ ಅಕ್ಕಾ, ಯಾರು ನೋಡ್ತಾರೆ ಅಂತ?" ಎಂದು ನಂಬರಪ್ಪನ ಹೆಂಡತಿ ಒಮ್ಮೆ ಕೇಳಿದ್ದಕ್ಕೆ, "ನಾನು ಆಫೀಸಿಗೆ ಹೋಗ್ತಿದೀನಿ," ಎಂದಿದ್ದಳು. ಹೆಂಡತಿ ಆ ಮಾತನ್ನು ನಗುತ್ತ ಗಂಡನಿಗೆ ಹೇಳಿದಳು. ಗಂಡನೂ ನಕ್ಕ. ಯಾರಾದರೂ ಬಂದು ಅಕ್ಕನನ್ನು ವಿಚಾರಿಸಿಕೊಂಡರೆ, "ಏನೋ ಟೈಪಿಂಗ್ ಅಂತೆ, ಹೊತ್ತು ಹೋಗುತ್ತೆ ಪಾಪ," ಅನ್ನುತ್ತಿದ್ದ. ಕೆಟ್ಟ ಮನಸ್ಸಿನಿಂದೇನೂ ಅಲ್ಲ. ಅವನಿಗೆ ಅದಕ್ಕಿಂತ ಹೆಚ್ಚು ಹೊಳೆದಿರಲಿಲ್ಲ, ಅಷ್ಟೆ.

ಹೀಗಿರುವಾಗ ಒಂದು ಭಾನುವಾರ ಕರೆಂಟು ಏರುಪೇರಾಯಿತು. ಬಲ್ಬುಗಳು ಧಗ್ಗನೆ ಹೊತ್ತಿ ಆರಿದವು, ಫ್ರಿಜ್ಜು ಒಮ್ಮೆ ನರಳಿ ಸುಮ್ಮನಾಯಿತು. ಲ್ಯಾಪ್‌ಟಾಪ್ ಪ್ರಾಣ ಉಳಿಸಿಕೊಂಡಿತು, ಆದರೆ ಇಂಟರ್ನೆಟ್ ಇಲ್ಲ. ಕಂಪ್ಯೂಟರ್ ರಿಪೇರಿಯವನು ಬಂದು ಬಿಚ್ಚಿ ನೋಡಿ, ಇಂಟರ್ನೆಟ್ ತಂತಿ ಸಿಕ್ಕಿಸುವ ಜಾಗವೂ ಹೋಗಿದೆ, ಒಳಗಿನ ವೈಫೈ ಕಾರ್ಡೂ ಸುಟ್ಟಿದೆ ಎಂದ. ಹೊರಗಿನಿಂದ ಸಿಕ್ಕಿಸುವ ಹೆಬ್ಬೆರಳಿನಷ್ಟು ದೊಡ್ಡ ವೈಫೈ ಕಾರ್ಡು ಬರುತ್ತದೆ, ಅದನ್ನು ತಂದರೆ ಆಯಿತು.

"ಆದ್ರೆ ಸಿಕ್ಕಿದ್ದೆಲ್ಲ ಇದಕ್ಕೆ ಆಗಲ್ಲ ಸರ್. ಲಿನಕ್ಸಿಗೆ ಕೆಲವು ಮಾತ್ರ ಆಗೋದು. ನಾನೊಂದು ನಂಬರ್ ಹೇಳ್ತೀನಿ, ಅದನ್ನೇ ತನ್ನಿ. ಹೋದ ವರ್ಷ ಒಬ್ಬರಿಗೆ ಹಾಕಿದ್ದೆ, ಹಾಕಿದ ತಕ್ಷಣ ಕಚ್ಚಿಕೊಳ್ತು."

ನಂಬರ್ ಅನ್ನುವ ಮಾತು ಕೇಳಿದ್ದೇ ತಡ, ನಂಬರಪ್ಪನ ಮುಖ ಅರಳಿತು. ನಿವೃತ್ತನಾದ ಮೇಲೆ ಯಾರೂ ಅವನಿಗೆ ಒಂದು ನಂಬರ್ ಹೇಳಿ ಮಾಲು ತರಲು ಕಳಿಸಿರಲಿಲ್ಲ.

ಸೋಮವಾರ ಬೆಳಿಗ್ಗೆ ವಿಮಾ ಕಚೇರಿಯ ಮೇಡಂ ಫೋನ್ ಮಾಡಿದಳು. ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಹಳೇ ಫೋನು, ಅದರಲ್ಲಿ ಮಾತಾಡಬಹುದಿತ್ತೇ ಹೊರತು ಇಂಟರ್ನೆಟ್ ಇಲ್ಲ. ಬಾಕಿ ವರದಿಗಳೆಲ್ಲ ಟೈಪಾಗಿ ಕೂತಿವೆ, ಕಳಿಸುವುದಷ್ಟೇ ಉಳಿದಿದೆ ಎಂದು ಅಕ್ಕ ವಿವರಿಸಿದಳು. ಬೇರೆ ಕಂಪ್ಯೂಟರಿನಿಂದ ಕಳಿಸುವ ಹಾಗಿಲ್ಲ, ವಿಮೆಯ ಗುಟ್ಟಿನ ಕಾಗದಪತ್ರ, ಅದು ಅವರದೇ ಕಟ್ಟುಪಾಡು.

"ಶನಿವಾರ ಮಧ್ಯಾಹ್ನದೊಳಗೆ ಬಂದ್ರೆ ಸಾಕು ಅಮ್ಮ," ಎಂದಳು ಮೇಡಂ. "ಬರಲಿಲ್ಲ ಅಂದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ತಗೋತಾರೆ. ನನ್ನ ಕೈಲಿ ಏನೂ ಇಲ್ಲ, ಬೇಜಾರು ಮಾಡ್ಕೋಬೇಡಿ."

ಅಕ್ಕ ಫೋನಿಟ್ಟು ತಮ್ಮನನ್ನು ಕರೆದಳು. "ಅಂಗಡಿಗೆ ನನ್ನನ್ನೂ ಕರ್ಕೊಂಡು ಹೋಗು. ಲ್ಯಾಪ್‌ಟಾಪ್ ತಗೊಂಡು ಬರ್ತೀನಿ. ಅಲ್ಲೇ ಹಾಕಿ ಕೇಳಿಬಿಡ್ತೀನಿ."

"ನಂಬರ್ ಗೊತ್ತಲ್ಲಕ್ಕ. ಬಿಸಿಲಲ್ಲಿ ನೀನ್ಯಾಕೆ ಒದ್ದಾಡ್ತೀಯ? ಕೂತಿರು, ಹೀಗೆ ಹೋಗಿ ಹಾಗೆ ಬಂದೆ."

ಹೋದ, ಬಂದ. ನೀಲಿ ಡಬ್ಬಿ, ಹೇಳಿದ ನಂಬರು, ಒಂದು ಅಂಕಿಯೂ ಆಚೀಚೆ ಇಲ್ಲ. ಅಕ್ಕ ಸಿಕ್ಕಿಸಿದಳು. ನೆಗಡಿರಾಯ ಸಾಸಿವೆ ಸಿಡಿಸಿದ. ಪರದೆ ಕಪ್ಪು, ಮಾತು ಅರ್ಥವಾಗದು, ನಂಬರಪ್ಪ ಅಕ್ಕನ ಮುಖವನ್ನೇ ನೋಡುತ್ತ ನಿಂತ.

"ಕಾರ್ಡೇ ಇಲ್ಲ ಅಂತಾನೆ."

"ಕಣ್ಣೆದುರಿಗೇ ಇದೆಯಲ್ಲ?"

"ನಿನ್ನ ಕಣ್ಣೆದುರಿಗೆ ಇದೆ. ಅವನ ಕಣ್ಣೆದುರಿಗೆ ಇಲ್ಲ."

ಪೀಸು ಕೆಟ್ಟಿರಬೇಕು ಎಂದು ನಂಬರಪ್ಪ ತೀರ್ಮಾನಿಸಿದ. ಡಿಪೋದಲ್ಲೂ ನೂರಕ್ಕೊಂದು ಹಾಗೆ ಬರುತ್ತಿತ್ತು. ವಾಪಸ್ ಕೊಟ್ಟು ಅದೇ ನಂಬರಿನ ಇನ್ನೊಂದು ತಂದ. ಅದೂ ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಹೋದ. ಅಂಗಡಿಯವನು ಹುಬ್ಬು ಗಂಟಿಕ್ಕಿ ಮೂರನೆಯದನ್ನು ಕೊಟ್ಟು, "ಇನ್ನು ಮೇಲೆ ಡಬ್ಬಿ ಒಡೆದದ್ದು ವಾಪಸ್ ತಗೊಳ್ಳಲ್ಲ ಸರ್, ಮೊದಲೇ ಹೇಳಿದೀನಿ," ಅಂದ. ಅದೂ ಅಷ್ಟೆ. ಬೇರೆ ಯಾರಾದರೂ ಆಗಿದ್ದರೆ ಇಷ್ಟರಲ್ಲಿ ಬೇರೆ ನಂಬರಿನದನ್ನು ತರುತ್ತಿದ್ದರು. ನಂಬರಪ್ಪ ಮಾತ್ರ ಪಟ್ಟು ಬಿಡದೆ, ಪೇಟೆಯ ಆ ತುದಿಯ ಇನ್ನೊಂದು ಅಂಗಡಿಗೆ ಹೋಗಿ, ಅದೇ ನೀಲಿ ಡಬ್ಬಿಯನ್ನು ಹೊಸದಾಗಿ ಕೊಂಡು ತಂದ. ಸರಿಯಾದ ನಂಬರು ಸರಿಯಾದ ಮಾಲನ್ನು ಕೊಡಲೇಬೇಕಲ್ಲ.

ಅದನ್ನೂ ನೆಗಡಿರಾಯ ಗುರುತಿಸಲಿಲ್ಲ. ಅಷ್ಟು ಹೊತ್ತಿಗೆ ಗುರುವಾರ ಕಳೆದಿತ್ತು. ಶುಕ್ರವಾರ ಬೆಳಿಗ್ಗೆ ರಿಪೇರಿಯವನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ನಂಬರಪ್ಪ ಮೆಟ್ಟಿಲ ಮೇಲೆ ಕೂತಿದ್ದ. ರಿಪೇರಿಯವನು ಕಾರ್ಡಿನ ಪ್ಲಾಸ್ಟಿಕ್ಕನ್ನು ಉಗುರಿನಿಂದ ಎಬ್ಬಿಸಿ, ಒಳಗೆ ಇಣುಕಿ, ನಾಲಿಗೆ ಕಚ್ಚಿಕೊಂಡ.

"ಚಿಪ್ ಬದಲಾಯಿಸಿದಾರೆ ಸರ್. ಹೋದ ವರ್ಷ ಬೇರೆ ಇತ್ತು. ಈ ಚಿಪ್ ಮಾಡೋರು ಅದರ ಒಳಗುಟ್ಟು ಯಾರಿಗೂ ಹೇಳಲ್ಲ. ಗುಟ್ಟು ಗೊತ್ತಿಲ್ದೆ ಲಿನಕ್ಸು ಇದನ್ನ ಹೇಗೆ ಮಾತಾಡ್ಸುತ್ತೆ?"

"ಹಾಗಾದ್ರೆ ನಂಬರೂ ಬದಲಾಗಿರಬೇಕಲ್ಲ."

"ಇಲ್ಲ, ನಂಬರ್ ಅದೇ."

"ಒಳಗಿರೋದು ಬೇರೆ."

"ಹೌದು."

"ನಂಬರ್ ಅದೇ."

"ಹೌದು ಸರ್. ಅವರಿಗೆ ಆ ವರ್ಷ ಯಾವ ಚಿಪ್ ಅಗ್ಗಕ್ಕೆ ಸಿಗುತ್ತೋ ಅದನ್ನ ಹಾಕ್ತಾರೆ. ಡಬ್ಬಿ ಯಾಕೆ ಬದಲಾಯಿಸ್ತಾರೆ?"

ನಂಬರಪ್ಪ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಅದರ ಮೇಲಿನ ನಂಬರನ್ನು ಇನ್ನೊಮ್ಮೆ ಓದಿದ. ಆಮೇಲೆ, ಇಂಥವರನ್ನು ಜೈಲಿಗೆ ಹಾಕುವುದಿಲ್ಲವೇ ಎಂದು ಕೇಳಿದ. ಇಲ್ಲ ಎಂದ ರಿಪೇರಿಯವನು. ಈಗ ಯಾವ ನಂಬರಿನದು ತರಲಿ ಅಂದರೆ, ಖಾತ್ರಿಯಾಗಿ ಹೇಳಲಾರೆ, ಹಾಕಿ ನೋಡಿಯೇ ತಗೋಬೇಕು ಎಂದ. ನಂಬರಪ್ಪ ಮನೆಗೆ ನಡೆದೇ ಬಂದ.  ಜೀವಮಾನವೆಲ್ಲ ಆ ಕಿಟಕಿಯ ಹಿಂದೆ ಕೂತು ತಾನು ಕಾದದ್ದನ್ನು ಯಾರೋ ಅಗ್ಗದ ಚಿಪ್ಪಿಗೆ ಮಾರಿಕೊಂಡಿದ್ದರು.

ಆ ಸಿಟ್ಟಿನಲ್ಲೇ ಮನೆಯೊಳಗೆ ಕಾಲಿಟ್ಟ. ಅಕ್ಕ ಮಗನ ಜೊತೆ ಫೋನಿನಲ್ಲಿದ್ದಳು. ಇಷ್ಟೊಂದು ಕಷ್ಟ ಯಾಕಮ್ಮ, ಸಾಕು ಮಾಡಿ ಆರಾಮಾಗಿರು ಎಂದು ಅವನು ಹೇಳಿರಬೇಕು, "ಆರಾಮು ಹೇಗಿರುತ್ತೆ ಅಂತ ಮೊದಲನೇ ವರ್ಷ ನೋಡಿದೀನಪ್ಪ," ಎಂದು ಅಕ್ಕ ಫೋನಿಟ್ಟಳು. ಆಮೇಲೆ ತಮ್ಮನ ಕಡೆ ಮುಖ ಮಾಡಿದಳು.

"ಏನಂದ?"

ನಂಬರಪ್ಪ ಎಲ್ಲ ಹೇಳಿದ. ಕಂಪನಿಗೆ ಛೀಮಾರಿ ಹಾಕಿದ. ಕೊನೆಗೆ, "ನಿಧಾನಕ್ಕೆ ಹುಡುಕೋಣ ಬಿಡಕ್ಕ. ಶನಿವಾರವೇ ಆಗ್ಬೇಕು ಅಂತೇನಿದೆ? ಹೊತ್ತು ಹೋಗೋಕೆ ತಾನೆ ನೀನು ಮಾಡೋದು. ಅಲ್ಲೀವರೆಗೂ ರೇಡಿಯೋ ಕೇಳು," ಅಂದ.



"ನೀನು ಡಿಪೋಗೆ ಹೋಗ್ತಿದ್ದದ್ದು ಹೊತ್ತು ಹೋಗೋಕಾ?"

ಅಕ್ಕ ದನಿ ಏರಿಸದೆ ಕೇಳಿದಳು. ಕೇಳಿ, ಎದ್ದು ಕೋಣೆಗೆ ಹೋದಳು. ಹೋಗುವಾಗ ಅವಳ ಎಡಗೈ ಗೋಡೆಯ ಮೇಲಿತ್ತು.

ನಂಬರಪ್ಪ ಕುರ್ಚಿಯಲ್ಲಿ ಕೂತ. ನಿವೃತ್ತನಾದ ಮೇಲಿನ ಮೊದಲ ಸೋಮವಾರ ಅವನಿಗೆ ನೆನಪಾಯಿತು. ಅವತ್ತು ಎಂದಿನಂತೆ ಗಡ್ಡ ಕೆರೆದು, ಇಸ್ತ್ರಿ ಅಂಗಿ ತೊಟ್ಟು, ಬೂಟಿನ ದಾರ ಕಟ್ಟಿಕೊಂಡು, ಗೇಟಿನವರೆಗೆ ಹೋಗಿ ನಿಂತಿದ್ದ. ಎದುರು ಮನೆಯಾತ ಎಲ್ಲಿಗೆ ಸವಾರಿ ಎಂದು ಕೇಳಿದ. ನಂಬರಪ್ಪ ವಾಪಸ್ ಬಂದು ಬೂಟು ಬಿಚ್ಚಿಟ್ಟು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದ. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಈಗ ಅಕ್ಕನಿಗೆ ತಾನು ಆಡಿದ ಮಾತನ್ನು ನೆನೆದು ಅವನಿಗೆ ತೀರಾ ನಾಚಿಕೆಯಾಯಿತು. ಕೋಣೆಯೊಳಗಿಂದ ನೆಗಡಿರಾಯನ ದನಿ ಬರುತ್ತಿತ್ತು. ಕಳಿಸಲಾಗದ ವರದಿಗಳನ್ನೇ ಅಕ್ಕ ಮತ್ತೆ ಓದಿಸಿ ತಿದ್ದುತ್ತಿದ್ದಳು.

ಶನಿವಾರ ಬೆಳಿಗ್ಗೆ ಅವನು ಕೋಣೆಯ ಬಾಗಿಲಿಗೆ ಹೋಗಿ ನಿಂತು, ಅಂಗಡಿಗೆ ಹೋಗೋಣ ಬಾ ಅಕ್ಕ ಎಂದು ಕರೆದ. ಅಕ್ಕ ಆಗಲೇ ಗಂಜಿ ಸೀರೆ ಉಟ್ಟು, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು. ನೀನು ಕರೆಯದಿದ್ದರೆ ನಿನ್ನ ಹೆಂಡತಿಯ ಜೊತೆ ಹೋಗುತ್ತಿದ್ದೆ ಎಂದಳು. ಇಬ್ಬರೂ ಹೊರಟರು.

ಮೊದಲ ಅಂಗಡಿಯವನು ನಂಬರಪ್ಪನನ್ನು ಕಂಡೊಡನೆ ಮುಖ ಸಿಂಡರಿಸಿದ. ಅವನ ಹಿಂದೆ ನಿಂತಿದ್ದ ಅಕ್ಕನನ್ನು ಕಂಡು ಮುಖ ಸರಿ ಮಾಡಿಕೊಂಡ.

"ಅಯ್ಯೋ ಪಾಪ, ಬನ್ನಿ ಅಮ್ಮ, ಕೂತ್ಕೊಳ್ಳಿ, ನೀರು ಕೊಡ್ಲಾ?"

"ಬೇಡಪ್ಪ. ಈ ಮೇಜಲ್ಲಿ ಸ್ವಲ್ಪ ಜಾಗ ಕೊಡು."

ಸೀಲು ಒಡೆದು ಪರೀಕ್ಷೆ ಮಾಡುವಂತಿಲ್ಲ ಎಂದು ಅವನು ಮೊದಲೇ ಹೇಳಿದ. ಹಾಗಾದರೆ ಸೀಲು ಒಡೆದದ್ದೇ ಇದ್ದರೆ ಕೊಡು ಎಂದಳು ಅಕ್ಕ. ಅವನು ತಲೆ ಕೆರೆದುಕೊಂಡು, ಮೇಜಿನ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಟ್ರೇ ಎಳೆದ. ಗಿರಾಕಿಗಳು ವಾಪಸ್ ತಂದ ವೈಫೈ ಕಾರ್ಡುಗಳು ಅದರಲ್ಲಿ ರಾಶಿ ಬಿದ್ದಿದ್ದವು. ಹಳೇ ಮಾಲು, ಈಗಿನ ಕಂಪ್ಯೂಟರುಗಳಿಗೆ ಆಗುವುದಿಲ್ಲ, ಎಸೆಯಲು ಇಟ್ಟದ್ದು ಎಂದ. ನಂಬರಪ್ಪ ಅದರೊಳಗೆ ಇಣುಕಿ ನೋಡಿದ. ಒಂದಕ್ಕೂ ಡಬ್ಬಿಯಿಲ್ಲ. ತನ್ನ ಸ್ಟೋರಿನಲ್ಲಾಗಿದ್ದರೆ ಇಂಥ ಟ್ರೇಯನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ.

ನಂಬರಪ್ಪ ಒಂದೊಂದಾಗಿ ಕೈಗಿಟ್ಟ, ಅಕ್ಕ ಸಿಕ್ಕಿಸಿದಳು, ನೆಗಡಿರಾಯ ವಟಗುಟ್ಟಿದ. "ಇಲ್ಲ." "ಇದೂ ಇಲ್ಲ." "ಇದು ಇದೆ ಅಂತಾನೆ, ಆಮೇಲೆ ಇಲ್ಲ ಅಂತಾನೆ, ಬೇಡ." ಅಂಗಡಿಗೆ ಬಂದ ಬೇರೆ ಗಿರಾಕಿಗಳು, ಆ ಕಪ್ಪು ಪರದೆಯ ಮುಂದೆ ತಲೆಯಾಡಿಸುತ್ತ ಕೂತವಳನ್ನು ನೋಡುತ್ತ ನಿಂತರು. ಗಡಿಯಾರ ಹನ್ನೆರಡರ ಕಡೆ ಸರಿಯುತ್ತಿತ್ತು.  ಟ್ರೇಯ ತಳ ಕಾಣುತ್ತಿತ್ತು.

ತಳದಲ್ಲಿದ್ದದ್ದು ದಪ್ಪನೆಯ, ಒಂದು ಗಿಡ್ಡ ಆಂಟೆನಾ ಮುರಿದು ನೇತಾಡುತ್ತಿದ್ದ ಕಾರ್ಡು. ನಂಬರಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಚೀಟಿ ಸವೆದು ಬಿಳಿಯ ಗುರುತಷ್ಟೇ ಉಳಿದಿತ್ತು. ಅದರ ಮೇಲೆ ಎಲ್ಲಿಯೂ ಯಾವ ನಂಬರೂ ಇರಲಿಲ್ಲ.

"ಇದು ಬೇಡ ಅನ್ಸುತ್ತಕ್ಕ, ಇದಕ್ಕೆ..." ಎಂದು ಶುರುಮಾಡಿದ. ಅಕ್ಕ ಕೈ ಚಾಚಿಯೇ ಇದ್ದಳು. ಕೊಟ್ಟ.

ನೆಗಡಿರಾಯ ಮಾತಾಡಿದ. ನಿಲ್ಲಿಸಲಿಲ್ಲ, ಮಾತಾಡುತ್ತಲೇ ಹೋದ. ಅಕ್ಕ ಬೆನ್ನು ನೆಟ್ಟಗೆ ಮಾಡಿದಳು.

"ಸುತ್ತಮುತ್ತಲ ನೆಟ್‌ವರ್ಕೆಲ್ಲ ಓದ್ತಿದಾನೆ. ಪಕ್ಕದ ಹಲ್ಲಿನ ಡಾಕ್ಟರದ್ದು, ಮೇಲಿನ ಟ್ಯೂಷನ್ನಿಂದು. ಅಂಗಡಿಯವರೇ, ನಿಮ್ಮದರ ಪಾಸ್‌ವರ್ಡು ಹೇಳಿ."

ಅಂಗಡಿಯವನು ಗಿರಾಕಿಗಳ ಕಡೆ ನೋಡಿದ. ಆಮೇಲೆ ಬಗ್ಗಿ ಅಕ್ಕನ ಕಿವಿಯಲ್ಲಿ ಹೇಳಿದ. ಅಕ್ಕನಿಗೆ ನಗು ಬಂತು, ತಡೆದುಕೊಂಡು ಟೈಪ್ ಮಾಡಿದಳು. ಆ ಪಾಸ್‌ವರ್ಡು ಏನಿತ್ತೆಂದು ಅವಳು ಇವತ್ತಿಗೂ ಯಾರಿಗೂ ಹೇಳಿಲ್ಲ.

ಒಂದಾದ ಮೇಲೊಂದರಂತೆ ವರದಿಗಳು ಹೋದವು. ನಾಯಿ ಅಡ್ಡ ಬಂದವು, ಬ್ರೇಕು ಹಿಡಿಯದವು, ಗೇಟಿಗೆ ಗುದ್ದಿದವು ಎಲ್ಲವೂ. ಅಕ್ಕನ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು.  ಮತ್ತೆ ಸಾಸಿವೆ ಸಿಡಿಯಿತು.

"ತಲುಪಿದವಂತೆ," ಎಂದಳು ಅಕ್ಕ. ಇನ್ನೂ ಕೇಳಿಸಿಕೊಳ್ಳುತ್ತಿದ್ದಳು. "ಇನ್ನೊಂದು ಕಳಿಸಿದ್ದಾರೆ. ಅವಸರದ್ದಂತೆ, ಈಗಲೇ ಬೇಕಂತೆ."

"ಅಕ್ಕಾ, ನಿನ್ನನ್ನ ಸೋಮವಾರವೇ ಕರ್ಕೊಂಡು ಬರಬೇಕಿತ್ತು. ನಿನ್ನೆ ನಾನು ಆಡಿದ್ದು..."

"ಹೌದು," ಎಂದಳು ಅಕ್ಕ. "ಆ ಕಿವಿಗೆ ಹಾಕ್ಕೊಳ್ಳೋದು ಚೀಲದಲ್ಲಿದೆ, ಕೊಡು."

ಕಿವಿಗೆ ಹಾಕಿಕೊಂಡಳು. ಸೆರಗು ಸರಿಪಡಿಸಿಕೊಂಡು, ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದು, ತಲೆ ಒಂಚೂರು ವಾಲಿಸಿ ಕೇಳುತ್ತ ಟೈಪ್ ಮಾಡತೊಡಗಿದಳು. ಗಿರಾಕಿಗಳು ಒಬ್ಬೊಬ್ಬರಾಗಿ ಹೋದರು. ಅಂಗಡಿಯವನು ದೀಪ ಆರಿಸಿ, ಕೀಲಿಕೈ ಗೊಂಚಲು ತೆಗೆದುಕೊಂಡು ಬಂದು, ಸ್ವಲ್ಪ ಹೊತ್ತು ನಿಂತು ನೋಡಿದ.

"ಊಟಕ್ಕೆ ಬಾಗಿಲು ಹಾಕ್ಬೇಕಿತ್ತು ಸರ್. ಅಮ್ಮ ಏನು ಮಾಡ್ತಿದಾರೆ?"

ನಂಬರಪ್ಪ ಅವನ ತೋಳು ಹಿಡಿದು ಬಾಗಿಲ ಕಡೆ ಕರೆದುಕೊಂಡು ಹೋದ.

"ಸ್ವಲ್ಪ ಮೆಲ್ಲಗೆ ಮಾತಾಡಿ," ಎಂದ. "ಅಕ್ಕ ಕೆಲಸದಲ್ಲಿದಾಳೆ."